ಅಮೆರಿಕದ ಕಾರು ಕಾರ್ಮಿಕರ ಥರ ಸ್ಟ್ರೈಕ್ ನಮ್ಮಲ್ಲಿ ನಡೆಯುತ್ತಾ?

ಪ್ರೆಸ್ ಶಾಪ್ ಹುಡುಗ:
ಬಿಡದಿ ಕಡೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದೇನೆ. ವೇತನ ಒಪ್ಪಂದ ಮುಗಿಯುತ್ತಾ ಬಂತು, ಬೇಡಿಕೆ ಪಟ್ಟಿ ಬರೆಯುತ್ತಿದ್ದೇವೆ. 2023ರಲ್ಲಿ ಅಮೆರಿಕದ ಕಾರು ಕಾರ್ಮಿಕರ ಸಂಘ ಯುಎಡಬ್ಲ್ಯುನವರು ಫೋರ್ಡ್, ಜಿಎಂ, ಸ್ಟೆಲಾಂಟಿಸ್ ಮೂರೂ ಕಾರು ಕಂಪನಿಗಳಲ್ಲಿ ಮೊದಲು ಒಂದೊಂದೇ ಪ್ಲಾಂಟ್ ನಿಲ್ಲಿಸಿದರು, ಆಮೇಲೆ ಹೆಚ್ಚಿಸುತ್ತಾ ಹೋದರು. ನಾವೂ ಹಾಗೇ ಒಂದೊಂದು ಲೈನ್ ನಿಲ್ಲಿಸಿದರೆ ಹೇಗೆ?

ಹಳೇ ಸೆಕ್ರೆಟರಿ:
ಲೈನ್ ನಿಲ್ಲಿಸೋದು ದೊಡ್ಡ ವಿಷಯವಲ್ಲ ತಮ್ಮಾ. ಅವರ ಸ್ಟ್ರೈಕ್ ಫಂಡಿನಲ್ಲಿ 82 ಕೋಟಿ ಡಾಲರ್‌ಗಿಂತ ಜಾಸ್ತಿ ಇತ್ತು. ಹೊರಗೆ ಬಂದವರಿಗೆ ವಾರಕ್ಕೆ 500 ಡಾಲರ್ ಕೊಟ್ಟರು. ಒಂದೂವರೆ ಲಕ್ಷದ ಹತ್ತಿರ ಸದಸ್ಯರಲ್ಲಿ ಮೊದಲ ದಿನ ಹೊರಗೆ ಬಂದವರು ಸುಮಾರು 13 ಸಾವಿರ. ಉಳಿದವರು ಸಂಬಳ ತೆಗೆದುಕೊಳ್ಳುತ್ತಲೇ ಇದ್ದರು, ಹಾಗಾಗಿ ಫಂಡ್ ಬಾಳಿಕೆ ಬಂತು. ಮುಂದಿನ ಸರದಿ ಯಾವ ಪ್ಲಾಂಟಿನದು ಅಂತ ಕಂಪನಿಗೆ ಗೊತ್ತಿಲ್ಲ. ಅಕ್ಟೋಬರ್ 11ಕ್ಕೆ ಫೋರ್ಡ್‌ಗೆ ಅತಿ ಹೆಚ್ಚು ಲಾಭ ತರುವ ಕೆಂಟಕಿ ಟ್ರಕ್ ಪ್ಲಾಂಟ್ ನಿಂತಿತು. 25ಕ್ಕೆ ಫೋರ್ಡ್ ಒಪ್ಪಿತು: ನಾಲ್ಕೂವರೆ ವರ್ಷದಲ್ಲಿ 25 ಪರ್ಸೆಂಟ್ ಏರಿಕೆ.

ನಮ್ಮಲ್ಲಿ ಆ ಗುಟ್ಟು ಉಳಿಯಲ್ಲ. 2025ರ ನವೆಂಬರ್‌ನಲ್ಲಿ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆ ಪ್ರಕಾರ 14 ದಿನ ಮುಂಚೆ ನೋಟಿಸ್ ಕೊಡಬೇಕು. ಸಂಧಾನ ಶುರುವಾದರೆ ಅದು ಮುಗಿಯುವ ತನಕ ಸ್ಟ್ರೈಕ್ ಮಾಡುವಂತಿಲ್ಲ. ಅರ್ಧ ಜನ ಒಟ್ಟಿಗೆ ಸಿಎಲ್ (ಕ್ಯಾಶುವಲ್ ರಜೆ) ಹಾಕಿದರೂ ಸ್ಟ್ರೈಕ್ ಅಂತಲೇ ಲೆಕ್ಕ. ಫಂಡ್ ಅಂತೂ ಕೇಳಲೇಬೇಡ. ನಮ್ಮ ಕಾಲದಲ್ಲಿ ಚಂದಾ ದುಡ್ಡು ಲಾಯರ್ ಫೀಸಿಗೇ ಸಾಲುತ್ತಿರಲಿಲ್ಲ.

ರಾಮನಗರ ಲೋಕಲ್:
ಬಿಡದಿಯವರಾಗಿ 2020 ಮರೆತಿರಾ? ಟೊಯೋಟಾದಲ್ಲಿ ನವೆಂಬರ್ 9ಕ್ಕೆ ಧರಣಿ, 10ಕ್ಕೆ ಲಾಕ್‌ಔಟ್. ಮುಗಿದಾಗ ಮಾರ್ಚ್. ಅಷ್ಟು ದಿನ ಮನೆ ಬಾಡಿಗೆ, ಇಎಂಐ ಕಟ್ಟೋರು ಯಾರು?

ಪ್ರೆಸ್ ಶಾಪ್ ಹುಡುಗ:
ಅದೇ ಭಯ. ಅದೂ ಅಲ್ಲದೆ ನಮ್ಮಲ್ಲಿ ಅರ್ಧಕ್ಕರ್ಧ ಕಾಂಟ್ರ್ಯಾಕ್ಟ್ ಮತ್ತು ಟ್ರೈನಿ ಹುಡುಗರು. ನಾವು ಗೇಟ್ ಹೊರಗೆ ಕೂತರೆ ಅವರನ್ನೇ ಇಟ್ಟುಕೊಂಡು ಲೈನ್ ಓಡಿಸುತ್ತಾರೆ.

ಹಳೇ ಸೆಕ್ರೆಟರಿ:
ಹಾಗಾದರೆ ಪಟ್ಟಿಯಲ್ಲಿ ಮೊದಲ ಬೇಡಿಕೆ ಅವರದ್ದೇ ಇರಲಿ. ಫೋರ್ಡ್‌ನಲ್ಲಿ ಟೆಂಪರರಿಗಳು 9 ತಿಂಗಳಿಗೆ ಕಾಯಂ ಆಗುವ ಹಾಗೆ ಬರೆಸಿಕೊಂಡರು. ಕ್ಯಾಂಟೀನಲ್ಲಿ ಬೇರೆ ಟೇಬಲ್ ಹಿಡಿದು ಕೂರುವ ಪರ್ಮನೆಂಟ್‌ನವರಿಗೆ ಇದು ಹಿಡಿಸಲ್ಲ, ಗೊತ್ತು. ಆದರೂ ಹಾಕಿ.

ಇನ್ನೊಂದು. ಸಂಬಳಕ್ಕೆ ಎಲ್ಲರೂ ಚೌಕಾಸಿ ಮಾಡುತ್ತಾರೆ, ಒಪ್ಪಂದ ಮುಗಿಯುವ ತಾರೀಖಿಗೆ ಯಾರೂ ಮಾಡಲ್ಲ. ನಮ್ಮದು ಮಾರ್ಚ್‌ಗೆ ಮುಗಿಯುತ್ತಿತ್ತು. ಹಬ್ಬದ ಸೀಸನ್ ದೂರ, ಕಂಪನಿಗೆ ಆತುರವೇ ಇಲ್ಲ. ಮಾತುಕತೆ ವರ್ಷ ದಾಟಿಸಿ ಎಳೆದರು. ನೀವು ಜುಲೈ ಕೊನೆ ಕೇಳಿ. ದಸರಾ, ದೀಪಾವಳಿಗೆ ಕಾರು ಜಾಸ್ತಿ ಬೇಕು, ಆಗ ನಿಮ್ಮ ನೋಟಿಸಿಗೆ ತೂಕ ಬರುತ್ತದೆ. ಅಮೆರಿಕದವರು 2023ರ ಆ ಒಪ್ಪಂದ 2028ರ ಏಪ್ರಿಲ್ 30ಕ್ಕೆ ಮುಗಿಯುವ ಹಾಗೆ ಮಾಡಿಕೊಂಡಿದ್ದಾರೆ. ಮರುದಿನವೇ ಮೇ ಡೇ. ಬೇರೆ ಸಂಘಗಳಿಗೂ ಅದೇ ತಾರೀಖು ಇಟ್ಟುಕೊಳ್ಳಿ ಅಂತ ಹೇಳುತ್ತಿದ್ದಾರೆ. ನಿಮ್ಮ ಅಕ್ಕಪಕ್ಕದ ಕಾರ್ಖಾನೆಗಳ ಒಪ್ಪಂದ ಯಾವಾಗ ಮುಗಿಯುತ್ತೆ, ವಿಚಾರಿಸಿದ್ದೀಯಾ?

ಪ್ರೆಸ್ ಶಾಪ್ ಹುಡುಗ:
ಇಲ್ಲ ಸರ್. ಪಕ್ಕದ ಗೇಟಿನ ಸಂಘದವರು ಪರಿಚಯ ಇದ್ದಾರೆ, ಭಾನುವಾರ ಕೇಳುತ್ತೇನೆ.