ಪುಟ್ಟಿಯ ಅನಿಮೇಷನ್ ಓದು: ಅಕ್ಕನಿಗೆ ಉದ್ದನೆಯ ಉತ್ತರ

ಅಕ್ಕಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಕೆಲಸದ ಮಧ್ಯೆ ಎರಡು ಸಾಲು ಹಾಕಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಊಟ ಮುಗಿಸಿ ಈಗ ಕೂತಿದ್ದೇನೆ. ಉದ್ದ ಆಗುತ್ತದೆ, ಗ್ರೂಪಿನಲ್ಲಿ ಉಳಿದವರೂ ಓದಲಿ. ಚಿಕ್ಕಮ್ಮನ ಮಗನೂ ಮುಂದಿನ ವರ್ಷ ಇದನ್ನೇ ಕೇಳುವ ಹಾಗೆ ಕಾಣುತ್ತದೆ.

ನೀನು ಕೇಳಿದ್ದು ಇಷ್ಟು. ಪುಟ್ಟಿ ಸೆಕೆಂಡ್ ಪಿಯುಸಿ ಪಾಸಾಗಿದ್ದಾಳೆ, ಓದಿದರೆ ಅನಿಮೇಷನ್ನೇ ಅನ್ನುತ್ತಾಳೆ. ನಿಮ್ಮ ಏರಿಯಾದ ಅಕಾಡೆಮಿಯವರು ನಾಲ್ಕು ಲಕ್ಷಕ್ಕೂ ಜಾಸ್ತಿ ಹೇಳಿದ್ದಾರೆ, ಈ ವಾರವೇ 25 ಸಾವಿರ ಕಟ್ಟಿದರೆ ಡಿಸ್ಕೌಂಟ್ ಅಂದಿದ್ದಾರೆ. ಸಾಲ ಮಾಡಿದರಾಯಿತು ಅಂತ ಭಾವ. ಕಡಿಮೆ ಖರ್ಚಿನಲ್ಲಿ ಬೇರೆ ದಾರಿ ಇದೆಯಾ ಅಂತ ನೀನು.

ಇದೆ ಅಕ್ಕಾ. ಆದರೆ ಮೊದಲು ಆ 25 ಸಾವಿರ ಕಟ್ಟಬೇಡ. ಈ ವಾರ ಕಟ್ಟದಿದ್ದರೆ ಏನೂ ಮುಳುಗಿ ಹೋಗುವುದಿಲ್ಲ.

ನನ್ನ ಮಾತು ಇಷ್ಟೇ: ಪುಟ್ಟಿಗೆ ಬೇಕಾಗಿರುವುದು ಒಳ್ಳೆಯ ಚಿತ್ರಕಲಾ ಕಾಲೇಜು. ಸಾಫ್ಟ್‌ವೇರ್ ಕಲಿಯುವುದಕ್ಕೆ ಲಕ್ಷಗಟ್ಟಲೆ ಕೊಡಬೇಕಾಗಿಲ್ಲ. ಕೈ ಪಳಗುವುದಕ್ಕೆ, ಕಣ್ಣು ಪಳಗುವುದಕ್ಕೆ ವರ್ಷಗಳು ಬೇಕು, ತಿದ್ದುವ ಮೇಷ್ಟ್ರು ಬೇಕು. ಫೀಸ್ ಕೊಡುವುದಾದರೆ ಅದಕ್ಕೆ ಕೊಡಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಮ್ಮ ಸ್ಟುಡಿಯೋದಲ್ಲಿ ಹೊಸಬರನ್ನು ತೆಗೆದುಕೊಳ್ಳುವಾಗ ಶೋರೀಲ್ ನೋಡುವವರಲ್ಲಿ ನಾನೂ ಒಬ್ಬಳು. ಶೋರೀಲ್ ಅಂದರೆ ತಾವು ಮಾಡಿದ ಕೆಲಸವನ್ನೆಲ್ಲ ಜೋಡಿಸಿದ ಒಂದೆರಡು ನಿಮಿಷದ ವೀಡಿಯೋ. ಒಂದೇ ಅಕಾಡೆಮಿಯ ಹುಡುಗರು ಕಳಿಸಿದ ರೀಲುಗಳಲ್ಲಿ ಅದೇ ರೋಬೋ, ಅದೇ ಕಾರು, ಅದೇ ಸ್ಫೋಟ. ಪಾಠದಲ್ಲಿ ಕೊಟ್ಟ ಮಾದರಿಯನ್ನೇ ಎಲ್ಲರೂ ಮಾಡಿರುತ್ತಾರೆ. ಹೊಳಪು ಚೆನ್ನಾಗಿರುತ್ತದೆ, ಆದರೆ ಯಾರ ಕೈ ಯಾವುದು ಅಂತ ಗೊತ್ತೇ ಆಗುವುದಿಲ್ಲ. ಈಚೆಗೆ ಒಬ್ಬ ಹುಡುಗಿಯ ರೀಲ್ ಬಂತು. ಬರೀ ಪೆನ್ಸಿಲ್ ಗೆರೆ, ಬಣ್ಣವೂ ಇಲ್ಲ. ಒಬ್ಬ ಅಜ್ಜಿ ನಲ್ಲಿಯಿಂದ ಕೊಡ ಎತ್ತುತ್ತಾಳೆ. ಎತ್ತುವ ಮುಂಚೆ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾಳೆ, ಮೊಣಕಾಲು ಬಗ್ಗುತ್ತದೆ, ಒಂದು ಕ್ಷಣ ಹಾಗೇ ನಿಲ್ಲುತ್ತಾಳೆ. ಆಮೇಲೆ ಎತ್ತುತ್ತಾಳೆ. ಕೊಡ ಸೊಂಟಕ್ಕೆ ಬಂದ ಕೂಡಲೇ ಇಡೀ ಮೈ ಇನ್ನೊಂದು ಪಕ್ಕಕ್ಕೆ ವಾಲುತ್ತದೆ, ಆ ಕಡೆಯ ಕೈ ಅಗಲವಾಗಿ ಚಾಚಿಕೊಳ್ಳುತ್ತದೆ. ಆ ಕೊಡದಲ್ಲಿ ನೀರಿದೆ ಅಂತ ನಮಗೆ ಗೊತ್ತಾಯಿತು ಅಕ್ಕಾ. ಅವಳನ್ನು ತೆಗೆದುಕೊಂಡೆವು. ಅವಳು ಚಿತ್ರಕಲೆ ಓದಿದವಳು. ಸಾಫ್ಟ್‌ವೇರನ್ನು ನಾವೇ ಕಲಿಸಿದೆವು.

ಈಗ ಕಾಲೇಜಿನ ವಿಷಯ. ಬಿವಿಎ ಅಂತ ನಾಲ್ಕು ವರ್ಷದ ಪದವಿ ಇದೆ, ಬ್ಯಾಚುಲರ್ ಆಫ್ ವಿಷುವಲ್ ಆರ್ಟ್ಸ್. ಪಿಯುಸಿಯಲ್ಲಿ ಯಾವ ಕಾಂಬಿನೇಷನ್ ಇದ್ದರೂ ಸೇರಬಹುದು. ಬೆಂಗಳೂರಿನಲ್ಲಿ ನಾನು ಮೊದಲು ಹೇಳುವುದು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಕಾಲೇಜು. ಜನವರಿಯಲ್ಲಿ ಚಿತ್ರಸಂತೆಗೆ ಹೋಗುತ್ತೇವಲ್ಲ, ಅದೇ ಜಾಗ. ಪರಿಷತ್ತು ಶುರುವಾಗಿದ್ದು 1960ರಲ್ಲಿ. ಖಾಸಗಿ ಡಿಸೈನ್ ಕಾಲೇಜುಗಳ ಫೀಸಿನ ಪಕ್ಕ ಇಟ್ಟು ನೋಡಿದರೆ ಇಲ್ಲಿಯದು ತುಂಬಾ ಕಡಿಮೆ. ಮೊದಲು ಬೇಸಿಕ್ ಡ್ರಾಯಿಂಗ್, ಆಮೇಲೆ ವಿಭಾಗ ಆರಿಸಿಕೊಳ್ಳುವುದು. ಅಪ್ಲೈಡ್ ಆರ್ಟ್, ಅಂದರೆ ಜಾಹೀರಾತು, ಪುಸ್ತಕದಂಥ ಕೆಲಸಕ್ಕೆ ಚಿತ್ರ ಮಾಡುವ ವಿಭಾಗ ತೆಗೆದುಕೊಂಡವರು ಎಷ್ಟೋ ಜನ ನಮ್ಮ ಲೈನಿಗೆ ಬಂದಿದ್ದಾರೆ.

ಇನ್ನೂ ಕಡಿಮೆ ಬೇಕು ಅಂದರೆ ಸರ್ಕಾರಿ ಕಾಲೇಜು. ಮೈಸೂರಿನಲ್ಲಿ ಕಾವಾ ಇದೆ, ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ. ಹೆಸರಿನಲ್ಲಿ ಅಕಾಡೆಮಿ ಅಂತ ಇದ್ದರೂ ಅದು ಸರ್ಕಾರದ ಕಾಲೇಜು. ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ ದೃಶ್ಯಕಲಾ ಕಾಲೇಜು ಇದೆ, 1964ರಿಂದ ನಡೆಯುತ್ತಿದೆ. ಅಲ್ಲಿ ಚಿಕ್ಕಪ್ಪನ ಮನೆಯೇ ಇದೆ ಅಲ್ವಾ? ಮಗಳನ್ನು ಬೇರೆ ಊರಿಗೆ ಕಳಿಸುವುದು ನಿನಗೆ ಕಷ್ಟ ಅಂತ ಗೊತ್ತು. ಆದರೂ ಭಾವನ ಜೊತೆ ಕೂತು ಒಂದು ಸಲ ಲೆಕ್ಕ ಹಾಕು. ಊಟ, ಬಸ್ಸು, ಹಾಸ್ಟೆಲ್ ಎಲ್ಲ ಸೇರಿಸಿದರೂ ಆ ನಾಲ್ಕು ಲಕ್ಷಕ್ಕಿಂತ ಕಡಿಮೆಯಲ್ಲಿ ಪೂರ್ತಿ ಪದವಿ ಮುಗಿಯಬಹುದು.

ಈ ಕಾಲೇಜುಗಳಿಗೆ ಸೇರಲು ಡ್ರಾಯಿಂಗ್ ಪರೀಕ್ಷೆ ಇರುತ್ತದೆ. ಎದುರಿಗೆ ಇಟ್ಟ ವಸ್ತು ನೋಡಿ ಬಿಡಿಸುವುದು, ನೆನಪಿನಿಂದ ಬಿಡಿಸುವುದು, ಹೀಗೆ. ಪುಟ್ಟಿ ಮೊಬೈಲ್ ನೋಡಿ ಕಾರ್ಟೂನ್ ಮುಖಗಳನ್ನೇ ಬಿಡಿಸುತ್ತಿದ್ದಾಳೆ, ನೋಡಿದ್ದೇನೆ. ಚೆನ್ನಾಗಿ ಬಿಡಿಸುತ್ತಾಳೆ, ಆದರೆ ಅಷ್ಟು ಸಾಲದು. ಒಂದು ಸ್ಕೆಚ್‌ಬುಕ್ ಹಿಡಿದು ಗಾಂಧಿಬಜಾರಿಗೆ ಹೋಗಲಿ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಕೂರಲಿ. ಹೂವು ಕಟ್ಟುವವರ ಬೆರಳು, ಬ್ಯಾಗ್ ಹೊತ್ತು ಬಸ್ ಹತ್ತುವವರ ಬೆನ್ನು, ಅದನ್ನು ಬಿಡಿಸಲಿ.

ಎನ್‌ಐಡಿ, ಅಂದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅದರ ಬಗ್ಗೆ ಭಾವ ಕೇಳಿದ್ದರು. ಅನಿಮೇಷನ್ ಪದವಿಗೆ ದೇಶದಲ್ಲೇ ಒಳ್ಳೆಯ ಹೆಸರು ಅದಕ್ಕೆ. ಆದರೆ ಆ ಪದವಿ, ಬಿ.ಡೆಸ್ (ಬ್ಯಾಚುಲರ್ ಆಫ್ ಡಿಸೈನ್), ಇರುವುದು ಅಹಮದಾಬಾದಿನಲ್ಲಿ. ನಮ್ಮ ತುಮಕೂರು ರಸ್ತೆಯ ಕ್ಯಾಂಪಸ್ಸಿನಲ್ಲಿ ನಡೆಯುವುದು ಎಂ.ಡೆಸ್, ಅಂದರೆ ಡಿಸೈನಿನ ಸ್ನಾತಕೋತ್ತರ ಪದವಿ. ಎನ್‌ಐಡಿಗೆ ಬೇರೆ ಪ್ರವೇಶ ಪರೀಕ್ಷೆ, ಫೀಸೂ ಲಕ್ಷಗಳಲ್ಲಿ. ಬಿವಿಎ ಮುಗಿಸಿ ಆಮೇಲೆ ಎಂ.ಡೆಸ್‌ಗೆ ಹೋಗಬಹುದು. ಈಗ ಅದರ ಚಿಂತೆ ಬೇಡ.

ಅಕಾಡೆಮಿಗಳೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅಲ್ಲೂ ಒಳ್ಳೆಯ ಮೇಷ್ಟ್ರುಗಳಿದ್ದಾರೆ. ಆಗಲೇ ಚೆನ್ನಾಗಿ ಚಿತ್ರ ಬರುವವರು ಒಂದು ವಿಷಯ ಮಾತ್ರ ಕಲಿಯಲು ಆರು ತಿಂಗಳು ಹೋದರೆ ಉಪಯೋಗವಿದೆ. ಪಿಯುಸಿ ಮುಗಿಸಿದ ಮಗುವಿಗೆ ಅದೇ ಪೂರ್ತಿ ಓದು ಆಗಬಾರದು, ಅಷ್ಟೇ. ನಿಮಗೆ ಕೊಟ್ಟ ಕಾಗದದಲ್ಲಿ ಡಿಗ್ರಿ ಅಂತ ಇದ್ದರೆ ಒಂದು ಪ್ರಶ್ನೆ ಕೇಳು: ಮಾರ್ಕ್ಸ್ ಕಾರ್ಡಿನ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತದೆ? ಎಲ್ಲೋ ದೂರದ ರಾಜ್ಯದ ಹೆಸರು ಹೇಳಿದರೆ ಅದಕ್ಕೆ ಮಾನ್ಯತೆ ಇದೆಯಾ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವೆಬ್‌ಸೈಟಿನಲ್ಲಿ ಹುಡುಕು. ಬರೀ ಸರ್ಟಿಫಿಕೇಟ್ ಆದರೆ ಮುಂದೆ ಎಂ.ಡೆಸ್, ಸರ್ಕಾರಿ ಕೆಲಸ, ವಿದೇಶ, ಯಾವುದಕ್ಕೂ ಅದು ಪದವಿಯ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು, ಹೋದಲ್ಲೆಲ್ಲ ಹೋದ ವರ್ಷದ ಮಕ್ಕಳ ಕೆಲಸ ತೋರಿಸಿ ಅಂತ ಕೇಳು. ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರ್ ಬೇಡ, ಮಕ್ಕಳು ಮಾಡಿದ್ದನ್ನು ತೋರಿಸಲಿ.

ಸಾಫ್ಟ್‌ವೇರ್ ದುಡ್ಡಿಲ್ಲದೆ ಸಿಗುತ್ತದಾ ಅಂತ ಭಾವನಿಗೆ ಅನುಮಾನ ಇದೆ ಅಂದೆ. ಬ್ಲೆಂಡರ್ ಅಂತ ಇದೆ, ಪೂರ್ತಿ ಉಚಿತ. ಲ್ಯಾಟ್ವಿಯಾ ಅನ್ನುವ ಪುಟ್ಟ ದೇಶದ ‘ಫ್ಲೋ’ ಚಿತ್ರ ಅದರಲ್ಲೇ ಮಾಡಿದ್ದು. 2025ರಲ್ಲಿ ಅದಕ್ಕೆ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು. ಕೈಯಲ್ಲಿ ಬಿಡಿಸಿ ಮಾಡಲು ಕ್ರಿಟಾ ಇದೆ, ಅದೂ ಉಚಿತ. ಸ್ಟುಡಿಯೋಗಳಲ್ಲಿ ಬಳಸುವ ಮಾಯಾ ಕೂಡ ವಿದ್ಯಾರ್ಥಿಗಳಿಗೆ ದುಡ್ಡಿಲ್ಲದೆ ಸಿಗುತ್ತದೆ. ಉಳಿದ ದುಡ್ಡಿನಲ್ಲಿ ಎಸ್‌ಪಿ ರೋಡಿಗೆ ಹೋಗಿ ಒಳ್ಳೆಯ ಕಂಪ್ಯೂಟರ್ ಅಸೆಂಬಲ್ ಮಾಡಿಸೋಣ, ನಾನೇ ಬರುತ್ತೇನೆ. ಸಣ್ಣ ಪೆನ್ ಟ್ಯಾಬ್ಲೆಟ್ ಮೂರ್ನಾಲ್ಕು ಸಾವಿರಕ್ಕೆ ಬರುತ್ತದೆ. ಅದು ನನ್ನ ಕಡೆಯಿಂದ.

ಸಾಲದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಭಯ ಇರುವುದು ಅಲ್ಲೇ. ನಮ್ಮ ಲೈನಿನಲ್ಲಿ ಕೆಲಸ ಒಂದೇ ಸಮ ಇರುವುದಿಲ್ಲ. 2025ರ ಫೆಬ್ರವರಿಯಲ್ಲಿ ಸಿನಿಮಾಗಳಿಗೆ ವಿಷುವಲ್ ಎಫೆಕ್ಟ್ಸ್, ಅನಿಮೇಷನ್ ಮಾಡುತ್ತಿದ್ದ ಟೆಕ್ನಿಕಲರ್ ಕಂಪನಿ ಭಾರತದ ಕೆಲಸ ನಿಲ್ಲಿಸಿತು. ಬೆಂಗಳೂರು, ಮುಂಬೈ ಸೇರಿ ಸಾವಿರಾರು ಜನ ಹೊರಗೆ ಬಂದರು. ಹತ್ತು ಹನ್ನೆರಡು ವರ್ಷ ಅನುಭವ ಇದ್ದವರೂ ಅದರಲ್ಲಿದ್ದರು. ಇದು ಕೆಟ್ಟ ಲೈನ್ ಅಂತ ಹೇಳುತ್ತಿಲ್ಲ. ಅನಿಮೇಷನ್, ಗೇಮಿಂಗ್‌ಗೆ ಪ್ರತ್ಯೇಕ ನೀತಿ ಮಾಡಿದ ಮೊದಲ ರಾಜ್ಯ ನಮ್ಮದೇ, 2012ರಲ್ಲಿ. ಈಗ 2024ರಿಂದ 29ರವರೆಗಿನ ಹೊಸ ನೀತಿಯೂ ಇದೆ. ಊರಿನಲ್ಲಿ ಗೇಮ್ ಸ್ಟುಡಿಯೋಗಳಿವೆ, ಜಾಹೀರಾತು ಇದೆ. ಆದರೆ ಶುರುವಿನ ಸಂಬಳ ಕಡಿಮೆ, ನಡುವೆ ಖಾಲಿ ಕೂರುವ ತಿಂಗಳುಗಳೂ ಬರುತ್ತವೆ. ಆಗ ತಲೆ ಮೇಲೆ ದೊಡ್ಡ ಇಎಂಐ ಇದ್ದರೆ ಮಗು ಸಿಕ್ಕಿದ ಕೆಲಸಕ್ಕೆಲ್ಲ ತಲೆ ಕೊಟ್ಟು ಬಿಡುತ್ತದೆ, ಕಲಿಯುವುದು ಅಲ್ಲಿಗೇ ನಿಲ್ಲುತ್ತದೆ. ಸಾಲ ಬೇಕೇ ಬೇಕು ಅಂದರೆ ಮಾನ್ಯತೆ ಇರುವ ಪದವಿಗೆ ಬ್ಯಾಂಕಿನಲ್ಲೇ ಕೇಳಿ. ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ. ಅಕಾಡೆಮಿಯವರು ಅಲ್ಲೇ ಟೇಬಲ್ ಹಾಕಿ ಕೂರಿಸಿರುವ ಫೈನಾನ್ಸ್ ಕಂಪನಿಗೆ ಮಾತ್ರ ಸಹಿ ಹಾಕಬೇಡಿ.

ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ಪುಟ್ಟಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಆದಾಯ ಪತ್ರದ ಅವಧಿ ಮುಗಿದಿದ್ದರೆ ಈಗಲೇ ನಾಡಕಚೇರಿಗೆ ಅರ್ಜಿ ಹಾಕಿಬಿಡಿ.

ಪುಟ್ಟೀ, ಇದು ನಿನಗೆ. ನೀನು ಓದುತ್ತಿದ್ದೀಯ ಅಂತ ಗೊತ್ತು. ಒಂದು ಚೆಂಡು ಪುಟಿಯುವುದನ್ನು ಮಾಡು. ಸೆಕೆಂಡಿಗೆ 24 ಫ್ರೇಮ್, ಒಂದೊಂದು ಚಿತ್ರ ಎರಡು ಫ್ರೇಮಿಗೆ, ಅಂದರೆ 12 ಚಿತ್ರ. ಮೇಲೆ ಹೋದಾಗ ಚೆಂಡಿನ ಚಿತ್ರಗಳು ಹತ್ತಿರ ಹತ್ತಿರ ಬರಬೇಕು, ನೆಲದ ಹತ್ತಿರ ದೂರ ದೂರ. ಮೊದಲು ಟೆನಿಸ್ ಚೆಂಡು ಮಾಡು. ಆಮೇಲೆ ಅದೇ ಅಳತೆಯ ಕಬ್ಬಿಣದ ಗುಂಡು. ಗುಂಡಿನ ಭಾರ ನೋಡುವವರಿಗೆ ಗೊತ್ತಾಗಬೇಕು. ಮೊದಲ ಸಲ ಬರುವುದಿಲ್ಲ, ಅಳಿಸಿ ಮತ್ತೆ ಮಾಡು. ಹಾಗೆ ಅಳಿಸಿ ಮಾಡುವುದರಲ್ಲೇ ನಿನಗೆ ಖುಷಿ ಸಿಕ್ಕಿದರೆ ಈ ಓದು ನಿನ್ನದು. ಬೇಜಾರಾದರೆ ಅದನ್ನೂ ನನಗೆ ಹೇಳು, ಅಮ್ಮನಿಗೆ ನಾನು ಹೇಳುತ್ತೇನೆ.

ಅಕ್ಕಾ, ಶನಿವಾರ ನನಗೆ ರಜೆ. ಬೆಳಿಗ್ಗೆ ಪರಿಷತ್ತಿಗೆ ಹೋಗಿ ಆಫೀಸಿನಲ್ಲಿ ಈ ವರ್ಷದ ಫೀಸು, ಅರ್ಜಿಯ ಕೊನೆ ದಿನ ಎರಡೂ ಕೇಳಿಕೊಂಡು ಬರೋಣ. ಅನಿಮೇಷನ್ ವಿಭಾಗ ಇದೆಯಾ, ಇದ್ದರೆ ಎಷ್ಟು ಸೀಟು, ಡಿಜಿಟಲ್ ಲ್ಯಾಬ್ ಹೇಗಿದೆ, ಅದನ್ನೂ ಕೇಳಬೇಕು. ಪುಟ್ಟಿಯ ಮಾರ್ಕ್ಸ್ ಕಾರ್ಡಿನ ಫೋಟೋ ನನಗೆ ಈಗಲೇ ಕಳಿಸು. ಅಕಾಡೆಮಿಯಿಂದ ಫೋನ್ ಬಂದರೆ, ಮನೆಯಲ್ಲಿ ಇನ್ನೂ ಮಾತಾಡುತ್ತಿದ್ದೇವೆ ಅಂದರೆ ಸಾಕು.