ಓದುಗರ ಇಮೇಲ್ ಪಟ್ಟಿ: ಕಟ್ಟಿ ಬಳಸಿದವರ ಅನುಭವ ಬೇಕು

ಸಾಗರದ ಕಥೆಗಾರ್ತಿಯ ಪ್ರಶ್ನೆ

ನನ್ನ ಎರಡು ಕಥಾ ಸಂಕಲನಗಳು ಬಂದಿವೆ. ಒಂದಷ್ಟು ಪ್ರತಿಗಳು ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಹೋದವು, ಒಂದಷ್ಟು ಬಿಡುಗಡೆಯ ದಿನ ಮಾರಾಟವಾದವು, ಉಳಿದವು ಯಾರ ಕೈ ಸೇರಿದವೋ ನನಗೆ ತಿಳಿಯದು. ಫೇಸ್‌ಬುಕ್‌ನಲ್ಲಿ ಏನು ಬರೆದರೂ ಮೆಚ್ಚುವವರು ಪರಿಚಯದ ಅದೇ ಕೆಲವರು. ಮುಂದಿನ ವರ್ಷ ಕಾದಂಬರಿ ಬರಲಿದೆ, ಮೊದಲ ಸಂಕಲನದ ಮರುಮುದ್ರಣವೂ ಇದೆ. ಓದುಗರಿಗೆ ಇಮೇಲ್ ಮೂಲಕ ಸುದ್ದಿಪತ್ರ ಕಳುಹಿಸುವ ಲೇಖಕರಿದ್ದಾರೆಂದು ಕೇಳಿದ್ದೇನೆ. ಕನ್ನಡದವರು ಇಮೇಲ್ ತೆರೆದು ಓದುತ್ತಾರೆಯೇ? ವಿಳಾಸಗಳನ್ನು ಎಲ್ಲಿಂದ ತರುವುದು? ಪ್ರತಿ ಸಲ ಏನೆಂದು ಬರೆಯುವುದು? ಕಾಲೇಜಿನ ಪಾಠ, ಮೌಲ್ಯಮಾಪನಗಳ ನಡುವೆ ಇದಕ್ಕೆ ಕೊಡಲು ನನ್ನಲ್ಲಿ ಹೆಚ್ಚು ಸಮಯವಿಲ್ಲ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಮೈಸೂರಿನ ಕಾದಂಬರಿಕಾರ್ತಿ

ಮೇಡಂ, ನಾನು ಕೆಲವು ವರ್ಷಗಳಿಂದ ಪತ್ರ ಕಳುಹಿಸುತ್ತಿದ್ದೇನೆ. ನನ್ನ ಪಟ್ಟಿಯಲ್ಲಿ ಇಂದಿಗೂ ಸಾವಿರ ಜನರಿಲ್ಲ, ಅದರ ಬಗ್ಗೆ ನನಗೆ ಕೊರಗೂ ಇಲ್ಲ. ಕಾದಂಬರಿಯೊಂದು ಮುಗಿಯಲು ನನಗೆ ಮೂರು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಹಿಂದಿನ ಪುಸ್ತಕ ಮೆಚ್ಚಿದವರಿಗೆ ನನ್ನ ಹೆಸರು ಮರೆತಿರುತ್ತದೆ, ಇಲ್ಲವೇ ಹೊಸದು ಬಂದದ್ದೇ ತಿಳಿದಿರುವುದಿಲ್ಲ. ಆ ನಡುವಿನ ವರ್ಷಗಳಿಗಾಗಿ ನಾನು ಪಟ್ಟಿ ಕಟ್ಟಿದ್ದು. ಬಿಡುಗಡೆಗೆ ಎರಡು ತಿಂಗಳಿರುವಾಗ ಅವಸರದಲ್ಲಿ ಕಟ್ಟಿದ ಪಟ್ಟಿ ಆಮಂತ್ರಣ ಪತ್ರಿಕೆ ಹಂಚುವುದಕ್ಕಷ್ಟೇ ಆಗುತ್ತದೆ. ನಿಮಗೆ ಇನ್ನೂ ಒಂದು ವರ್ಷವಿದೆ, ಈಗಲೇ ಶುರು ಮಾಡಿ.

ವಿಳಾಸ ಎಲ್ಲಿಂದ ಎಂದು ಕೇಳಿದ್ದೀರಿ. ಅತ್ಯುತ್ತಮ ಜಾಗ ನಿಮ್ಮ ಪುಸ್ತಕದ ಕೊನೆಯ ಪುಟ. ಕಥೆ ಮುಗಿಸಿ ಅಲ್ಲಿಗೆ ಬಂದವನಿಗಿಂತ ಒಳ್ಳೆಯ ಓದುಗ ನಿಮಗೆ ಸಿಗುವುದಿಲ್ಲ. ಅಲ್ಲಿ ನಾಲ್ಕು ಸಾಲು ಸಾಕು: ತಿಂಗಳಿಗೊಂದು ಪತ್ರ ಬರೆಯುತ್ತೇನೆ, ಬೇಕಿದ್ದರೆ ಇಲ್ಲಿ ವಿಳಾಸ ಕೊಡಿ, ಕೊಟ್ಟವರಿಗೆ ಈ ಸಂಕಲನದಲ್ಲಿ ಇಲ್ಲದ ಒಂದು ಕಥೆ ಕಳುಹಿಸುತ್ತೇನೆ. ಪಕ್ಕದಲ್ಲಿ ಕ್ಯುಆರ್ ಕೋಡ್. ನಮ್ಮಲ್ಲಿ ಲೇಖಕರು ಮುನ್ನುಡಿ, ಅರಿಕೆ, ಕೃತಜ್ಞತೆ ಎಂದು ಮುಂದಿನ ಹತ್ತು ಪುಟ ತುಂಬಿಸಿ, ಹಿಂದಿನ ಪುಟವನ್ನು ಪ್ರಕಾಶಕರ ಪುಸ್ತಕ ಪಟ್ಟಿಗೆ ಬಿಟ್ಟುಕೊಡುತ್ತಾರೆ. ಆ ಒಂದು ಪುಟವನ್ನು ಜಗಳವಾಡಿಯಾದರೂ ಕೇಳಿ ಪಡೆಯಿರಿ.

ಎರಡನೆಯ ಜಾಗ ಬಿಡುಗಡೆ ಸಮಾರಂಭ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವಂತೆ ಬಾಗಿಲಲ್ಲಿ ನೋಟ್‌ಬುಕ್ ಇಟ್ಟು ಒಬ್ಬರನ್ನು ಕೂರಿಸಬಹುದು. ಆದರೆ ಕೈಬರಹದಲ್ಲಿ ಸೊನ್ನೆ ಯಾವುದು, ಇಂಗ್ಲಿಷಿನ ಓ ಅಕ್ಷರ ಯಾವುದು ಎಂದು ಆಮೇಲೆ ತಿಳಿಯದು, ಅರ್ಧದಷ್ಟು ಪತ್ರಗಳು ಹೋದಷ್ಟೇ ವೇಗದಲ್ಲಿ ವಾಪಸ್ ಬರುತ್ತವೆ. ಪುಸ್ತಕದ ಮೇಜಿನ ಮೇಲೆ ಕ್ಯುಆರ್ ಕೋಡಿನ ಹಾಳೆ ಅಂಟಿಸಿ, ಅವರ ಮೊಬೈಲಿನಲ್ಲಿ ಅವರೇ ವಿಳಾಸ ತುಂಬುವಂತೆ ಮಾಡುವುದು ಮೇಲು. ನಿಮ್ಮ ಸಹಿಗಾಗಿ ನಿಂತ ಸಾಲಿನಲ್ಲಿ ಎರಡು ನಿಮಿಷ ಎಲ್ಲರ ಬಳಿಯೂ ಇರುತ್ತದೆ.

ಬೇಡದ ಜಾಗಗಳನ್ನೂ ಹೇಳಿಬಿಡುತ್ತೇನೆ. ಸಾಹಿತ್ಯ ಸಂಘಟನೆಗಳ ಸದಸ್ಯರ ಪಟ್ಟಿ, ಕಾಲೇಜಿನ ಸಹೋದ್ಯೋಗಿಗಳ ಪಟ್ಟಿ, ಯಾವುದೋ ಸಮ್ಮೇಳನದ ಪ್ರತಿನಿಧಿಗಳ ಪಟ್ಟಿ ಎಂದು ಯಾರಾದರೂ ಕೊಡಲು ಬರುತ್ತಾರೆ. ತೆಗೆದುಕೊಳ್ಳಬೇಡಿ. ಕೇಳದೆ ಬಂದ ಪತ್ರವನ್ನು ಜನ ಸ್ಪ್ಯಾಮ್ ಎಂದು ಒತ್ತುತ್ತಾರೆ. ಹಾಗೆ ಒತ್ತಿದವರು ಹೆಚ್ಚಾದಷ್ಟೂ, ಕೇಳಿ ಪಡೆದವರ ಪೆಟ್ಟಿಗೆಯಲ್ಲಿಯೂ ನಿಮ್ಮ ಪತ್ರ ಸ್ಪ್ಯಾಮ್ ಕಡೆಗೆ ಸರಿಯುತ್ತದೆ. ಕಾನೂನೂ ಇದೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ಆಧಾರವೇ ಒಪ್ಪಿಗೆ. ಕೊಟ್ಟ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವುದು ಕೊಟ್ಟಷ್ಟೇ ಸುಲಭವಾಗಿರಬೇಕು ಎನ್ನುತ್ತದೆ ಅದು. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ ಓದುವ ಅವಕಾಶವಿರಬೇಕೆಂದೂ ಹೇಳುತ್ತದೆ. ಕನ್ನಡ ಓದುಗರಿಂದ ವಿಳಾಸ ಪಡೆಯುವ ಅರ್ಜಿ ಕನ್ನಡದಲ್ಲೇ ಇರಲಿ, ಬೇರೆ ಯೋಚನೆಯೇ ಬೇಡ.

ಇನ್ನು ಏನು ಬರೆಯುವುದು? ನಾನು ತಿಂಗಳಿಗೆ ಒಂದು ಪತ್ರ ಬರೆಯುತ್ತೇನೆ, ಮೊದಲ ಭಾನುವಾರ ಬೆಳಿಗ್ಗೆ. ಹೆಚ್ಚಿನ ತಿಂಗಳು ಅದರಲ್ಲಿ ನನ್ನ ಪುಸ್ತಕದ ಮಾತೇ ಇರುವುದಿಲ್ಲ. ಕಾದಂಬರಿಗಾಗಿ ಹಳೆಯ ಭೂದಾಖಲೆ ಹುಡುಕುವಾಗ ಸಿಕ್ಕ ವಿಚಿತ್ರ ಸಂಗತಿ, ಕೈಬಿಟ್ಟ ಅಧ್ಯಾಯದ ಒಂದು ಪುಟ, ಬೇರೆಯವರ ಪುಸ್ತಕ ಓದಿ ಅನಿಸಿದ್ದು, ಹೀಗೆ. ಸನ್ಮಾನದ ಫೋಟೋ ಹಾಕುವುದಿಲ್ಲ. (ನಮ್ಮ ಸಾಹಿತ್ಯಲೋಕದಲ್ಲಿ ಶಾಲು, ಹಾರ, ಫಲತಾಂಬೂಲಗಳ ಚಿತ್ರಕ್ಕೆ ಬೇರೆ ಬೇಕಾದಷ್ಟು ಜಾಗಗಳಿವೆ.) ಒಂದು ಪ್ರಶ್ನೆ ಕೇಳಿ ಮುಗಿಸುತ್ತೇನೆ. ‘ನಿಮ್ಮ ಊರಿನಲ್ಲಿ ಬರಗಾಲದ ನೆನಪು ಹೇಳುವವರು ಯಾರಾದರೂ ಉಳಿದಿದ್ದಾರೆಯೇ?’ ಎಂದು ಕೇಳಿದ ತಿಂಗಳು ಬಂದ ಉತ್ತರಗಳು ನನ್ನ ಒಂದು ಅಧ್ಯಾಯದ ದಿಕ್ಕನ್ನೇ ಬದಲಿಸಿದವು. ಉತ್ತರ ಬರೆದವರಿಗೆಲ್ಲ ನಾನೇ ಮಾರುತ್ತರ ಬರೆಯುತ್ತೇನೆ. ಪಟ್ಟಿ ಚಿಕ್ಕದಿದ್ದುದರ ಲಾಭ ಅದು.

ಮಾರುವ ಹೊತ್ತು ಬಂದಾಗ ಸಂಕೋಚ ಬೇಡ. ಕಾದಂಬರಿ ಅಚ್ಚಿಗೆ ಹೋದ ಕೂಡಲೇ ಒಂದು ಪತ್ರ, ಪ್ರಕಟಣಪೂರ್ವ ರಿಯಾಯಿತಿ ತೆರೆದಾಗ ಇನ್ನೊಂದು, ಅದು ಮುಗಿಯುವ ಹಿಂದಿನ ದಿನ ಎರಡೇ ಸಾಲಿನ ಮೂರನೆಯದು. ಕೊನೆಯದನ್ನು ಕಳುಹಿಸಲು ನಾಚಿಕೆಯಾಗುತ್ತದೆ, ಆದರೆ ನನ್ನ ಮಟ್ಟಿಗೆ ಹೆಚ್ಚು ಪ್ರತಿಗಳಿಗೆ ಬೇಡಿಕೆ ತಂದದ್ದು ಅದೇ. ಮುಂಗಡ ಬೇಡಿಕೆಯ ಲೆಕ್ಕ ಕೈಯಲ್ಲಿದ್ದರೆ ಎಷ್ಟು ಪ್ರತಿ ಅಚ್ಚು ಹಾಕುವುದೆಂದು ಪ್ರಕಾಶಕರ ಜೊತೆ ಮಾತನಾಡುವ ಧಾಟಿಯೂ ಬದಲಾಗುತ್ತದೆ.

ಧಾರವಾಡದಿಂದ, ಪ್ರಕಾಶನ ಸಂಸ್ಥೆಯೊಂದರಲ್ಲಿ ಡಿಟಿಪಿ ಕೆಲಸ

ಮೇಡಂ ಹೇಳಿದ್ದೆಲ್ಲ ಸರಿ. ನಮ್ಮ ಊರಿಗೆ ಚಂದಾದಾರರ ಪಟ್ಟಿ ಹೊಸದೇನಲ್ಲ. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ನಡೆದದ್ದೇ ಚಂದಾದಾರರ ಬಲದ ಮೇಲೆ. ಆಗ ಅಂಚೆ, ಈಗ ಇಮೇಲ್. ನಾನು ಕನ್ನಡಕ್ಕೇ ಅಂಟಿಕೊಂಡ ತೊಡಕುಗಳನ್ನಷ್ಟೇ ಹೇಳುತ್ತೇನೆ, ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇವು ಸಿಗುವುದಿಲ್ಲ.

ಮೊದಲನೆಯದು ಫಾಂಟ್. ನಿಮ್ಮ ಕಥೆಗಳ ಕಡತ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟಿನಲ್ಲಿದ್ದರೆ, ಅದನ್ನು ನೇರವಾಗಿ ಇಮೇಲಿಗೆ ಅಂಟಿಸಿದಾಗ ಓದುಗನಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ನಿಮಗೆ ಚೆನ್ನಾಗಿಯೇ ಕಂಡೀತು. ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ಆಮೇಲೆ ಅಂಟಿಸಿ.

ಎರಡನೆಯದು ಗಾತ್ರ. 102 ಕಿಲೋಬೈಟ್ ಮೀರಿದ ಪತ್ರವನ್ನು ಜಿಮೇಲ್ ಅಲ್ಲಿಗೇ ಕತ್ತರಿಸಿ, ಪೂರ್ತಿ ಓದಲು ಇಲ್ಲಿ ಒತ್ತಿ ಎಂದು ತೋರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡ್ ಪಠ್ಯವನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು, ಮತ್ತು ಗುಣಿತದ ಚಿಹ್ನೆ, ಒತ್ತಾಗುವ ವ್ಯಂಜನ, ಅದನ್ನು ಜೋಡಿಸುವ ಹಲಂತ ಎಲ್ಲಕ್ಕೂ ಬೇರೆ ಬೇರೆ ಸಂಕೇತ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಹದಿನೆಂಟು ಬೈಟ್ ನುಂಗುತ್ತದೆ. ಕೆಲವು ಸುದ್ದಿಪತ್ರ ತಯಾರಿಕಾ ತಂತ್ರಾಂಶಗಳು ಕನ್ನಡವನ್ನು ಅಂಕಿ ರೂಪದ ಸಂಕೇತಗಳಾಗಿ ಬದಲಿಸುತ್ತವೆ. ಆಗ ಒಂದೊಂದಕ್ಕೂ ಏಳು ಬೈಟ್. ಹೀಗಾಗಿ ಮೂರು ಸಾವಿರ ಪದಗಳ ಕಥೆಯನ್ನು ಇಡಿಯಾಗಿ ಕಳುಹಿಸಿದರೆ ಗಡಿ ದಾಟುವ ಸಂಭವ ಹೆಚ್ಚು. ಕಥೆಯ ಮುಕ್ತಾಯ ಕತ್ತರಿಯ ಆಚೆ ಉಳಿಯುತ್ತದೆ, ಅದಕ್ಕಿಂತ ಕೆಟ್ಟದ್ದೆಂದರೆ ಪಟ್ಟಿಯಿಂದ ಹೊರಬರುವ ಲಿಂಕ್ ಕೂಡ ಅಲ್ಲೇ ಉಳಿಯುತ್ತದೆ. ಲಿಂಕ್ ಕಾಣದವರು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಕಥೆಯ ಮೊದಲ ಭಾಗ ಪತ್ರದಲ್ಲಿರಲಿ, ಉಳಿದದ್ದು ಜಾಲತಾಣದ ಪುಟವೊಂದಕ್ಕೆ ಹೋಗಲಿ.

ಮೂರನೆಯದು ಪೋಸ್ಟರ್ ಮೋಹ. ಇಡೀ ಪತ್ರವನ್ನು ಬಣ್ಣದ ಚಿತ್ರ ಮಾಡಿ ಕಳುಹಿಸುವವರಿದ್ದಾರೆ. ಚಿತ್ರ ತಡೆಹಿಡಿದ ಪೆಟ್ಟಿಗೆಯಲ್ಲಿ ಅದು ಖಾಲಿ ಚೌಕ. ಹುಡುಕಿದರೆ ಸಿಗದು, ದೃಷ್ಟಿದೋಷವಿರುವ ಓದುಗರಿಗೆ ತಂತ್ರಾಂಶ ಓದಿ ಹೇಳದು. ಅಕ್ಷರ ಅಕ್ಷರವಾಗಿಯೇ ಇರಲಿ. ಸಾಲುಗಳ ಅಂತರವನ್ನು ಮಾತ್ರ ಸ್ವಲ್ಪ ಹೆಚ್ಚಿಸಿ, ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ.

ಜಿಮೇಲಿನಿಂದಲೇ ಕಳುಹಿಸಬಹುದಲ್ಲ ಎಂದು ಕೇಳುವಿರಿ. ಸಾಮಾನ್ಯ ಜಿಮೇಲ್ ಖಾತೆಗೆ ದಿನಕ್ಕೆ 500ರ ಮಿತಿಯಿದೆ, ಯಾರು ಹೊರಹೋದರು, ಯಾರ ವಿಳಾಸ ಸತ್ತಿದೆ ಎಂಬ ಲೆಕ್ಕವನ್ನು ನೀವೇ ಇಡಬೇಕು. ಸುದ್ದಿಪತ್ರ ಸೇವೆಯೊಂದನ್ನು ಬಳಸಿ, ಆದರೆ ಕಳುಹಿಸುವವರ ವಿಳಾಸವಾಗಿ ನಿಮ್ಮ ಜಿಮೇಲ್ ಹಾಕಬೇಡಿ. ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿವೆ. ಕಳುಹಿಸುವ ಡೊಮೇನ್ (ವಿಳಾಸದಲ್ಲಿ @ ಗುರುತಿನ ನಂತರದ ಹೆಸರು) ನಿಮ್ಮದೇ ಎಂದು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ದಾಖಲೆಗಳು ಸಾಕ್ಷಿ ಹೇಳಬೇಕು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಮೂರೂ ಕಡ್ಡಾಯ, ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು. ನಿಮ್ಮ ಪಟ್ಟಿ ಅಷ್ಟು ದೊಡ್ಡದಾಗದಿದ್ದರೂ ಮೂರನ್ನೂ ಮಾಡಿಸಿಡಿ. ನಿಮ್ಮ ಹೆಸರಿನ ಡೊಮೇನ್ ಕೊಂಡರೆ ಕಾಲೇಜಿನ ಕಂಪ್ಯೂಟರ್ ವಿಭಾಗದ ಯಾರಾದರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಟ್ಟಾರು.

ತುಮಕೂರಿನ ಮಕ್ಕಳ ಸಾಹಿತಿ

ನನ್ನದು ಬೇರೆ ಅಭಿಪ್ರಾಯ. ನನ್ನ ಪುಸ್ತಕ ಕೊಳ್ಳುವವರು ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು, ಮೇಡಂಗಳು. ಇಲಾಖೆಯ ಸುತ್ತೋಲೆಯೂ ಅವರಿಗೆ ಬರುವುದು ವಾಟ್ಸ್‌ಆ್ಯಪ್‌ನಲ್ಲಿ. ಅವರ ಇಮೇಲ್ ವಿಳಾಸವಿದ್ದರೂ ಪಾಸ್‌ವರ್ಡ್ ಗೊತ್ತಿರುವುದು ಮಗನಿಗೆ. ನಾನು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲೇ ಕೆಲಸ ಸಾಗಿಸುತ್ತಿದ್ದೇನೆ. ತೊಡಕು ಇಲ್ಲದಿಲ್ಲ: ಒಂದು ಪಟ್ಟಿಯಲ್ಲಿ 256 ಜನ ಮಾತ್ರ, ಅದೂ ನನ್ನ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ತಲುಪುತ್ತದೆ. ಆದರೂ ಓದುಗ ಇರುವಲ್ಲಿಗೆ ನಾವು ಹೋಗಬೇಕಲ್ಲವೇ?

ಮೈಸೂರಿನ ಕಾದಂಬರಿಕಾರ್ತಿ

ಸರ್, ನಿಮ್ಮ ಓದುಗರ ಮಟ್ಟಿಗೆ ಒಪ್ಪುತ್ತೇನೆ. ಕಾದಂಬರಿಯ ಓದುಗರು ಬೇರೆ: ಬ್ಯಾಂಕು, ಸಾಫ್ಟ್‌ವೇರ್, ನಿವೃತ್ತ ನೌಕರರು, ಹೊರನಾಡಿನವರು. ಅವರು ಇಮೇಲ್ ನೋಡುತ್ತಾರೆ. ನಾನೂ ವಾಟ್ಸ್‌ಆ್ಯಪ್ ಚಾನೆಲ್ ಇಟ್ಟಿದ್ದೇನೆ, ಆದರೆ ಅಲ್ಲಿರುವವರನ್ನು ಇಮೇಲಿಗೆ ಕರೆಯಲು. ಚಾನೆಲ್ ಮುಚ್ಚಿದರೆ ಅಲ್ಲಿದ್ದವರ ಪಟ್ಟಿಯನ್ನು ನಾನು ಎತ್ತಿಕೊಂಡು ಹೋಗಲಾರೆ. ಆರ್ಕುಟ್ 2014ರಲ್ಲಿ ಹೋಯಿತು, ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ಹೋಯಿತು, ಎರಡರಲ್ಲೂ ಕನ್ನಡದ ಎಷ್ಟು ಒಳ್ಳೆಯ ಗುಂಪುಗಳಿದ್ದವು ನೆನಪಿಸಿಕೊಳ್ಳಿ. ಇಮೇಲ್ ಸೇವೆಗಳೂ ಮುಚ್ಚುತ್ತವೆ. ಬಹಳ ಲೇಖಕರು ಬಳಸುತ್ತಿದ್ದ ಟೈನಿಲೆಟರ್ 2024ರ ಫೆಬ್ರವರಿಯಲ್ಲಿ ನಿಂತಿತು. ಆದರೆ ವಿಳಾಸಗಳ ಕಡತವನ್ನು ಇಳಿಸಿಕೊಂಡವರು ಮರುದಿನ ಬೇರೆ ಸೇವೆಯಿಂದ ಪತ್ರ ಮುಂದುವರಿಸಲು ಅಡ್ಡಿಯಿರಲಿಲ್ಲ. ನಾನು ಪ್ರತಿ ಪತ್ರದ ನಂತರ ಆ ಕಡತವನ್ನು ಇಳಿಸಿ ಇಟ್ಟುಕೊಳ್ಳುತ್ತೇನೆ.

ಮ್ಯೂನಿಕ್‌ನಿಂದ ಒಬ್ಬ ಓದುಗ

ನಾನು ಬರೆಯುವವನಲ್ಲ, ಕೆಲವು ಲೇಖಕರ ಪತ್ರ ಪಡೆಯುವವನು. ನನ್ನ ಕಡೆಯಿಂದ ಎರಡು ಮಾತು. ಪುಸ್ತಕ ಬಂತೆಂಬ ಪತ್ರದಲ್ಲಿ ಹೊರದೇಶಕ್ಕೆ ಹೇಗೆ ತರಿಸಿಕೊಳ್ಳುವುದು, ಇ-ಪುಸ್ತಕ ಇದೆಯೇ ಎಂಬುದನ್ನು ಮೊದಲ ಪರದೆಯಲ್ಲೇ ಹೇಳಿ. ಪುಸ್ತಕದ ಬೆಲೆಗಿಂತ ಅಂಚೆ ವೆಚ್ಚ ಹೆಚ್ಚಾಗುವ ನಮಗೆ ಅದೇ ಮುಖ್ಯ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಸಿಗುವುದಾದರೆ ನಾನು ಪತ್ರ ಓದುತ್ತಲೇ ಕೊಂಡುಬಿಡುತ್ತೇನೆ. ಬೆಂಗಳೂರಿನ ಸಮಾರಂಭದ ಆಮಂತ್ರಣವನ್ನೇ ಮೂರು ಸಲ ಕಳುಹಿಸಿದವರ ಪಟ್ಟಿಯಿಂದ ಹೊರಬಂದಿದ್ದೇನೆ.

ಇನ್ನೊಂದು, ಇಲ್ಲಿ ಹೆಸರು ಕೊಟ್ಟ ಮೇಲೆ ‘ನೀವೇ ಕೊಟ್ಟಿದ್ದೀರಾ?’ ಎಂದು ದೃಢೀಕರಣದ ಪತ್ರ ಬರುವುದು ವಾಡಿಕೆ. ಯುರೋಪಿನಲ್ಲಿ 2018ರಿಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಜಿಡಿಪಿಆರ್ ಕಾನೂನು ಜಾರಿಯಲ್ಲಿದೆ, ಒಪ್ಪಿಗೆ ಪಡೆದದ್ದಕ್ಕೆ ದಾಖಲೆ ಇರಬೇಕು. ನಿಮ್ಮ ಪಟ್ಟಿಯಲ್ಲಿ ನಮ್ಮಂಥವರು ಸೇರುವುದಾದರೆ ಆ ಎರಡನೆಯ ಹೆಜ್ಜೆ ಇಟ್ಟುಬಿಡಿ. ತಪ್ಪು ವಿಳಾಸಗಳೂ ಅಲ್ಲೇ ಸೋಸಿಹೋಗುತ್ತವೆ.

ಸಾಗರದ ಕಥೆಗಾರ್ತಿ

ಎಲ್ಲರಿಗೂ ಧನ್ಯವಾದ. ಎರಡು ಸಂಶಯ ಉಳಿದಿವೆ. ನಾನು ನೋಡಿದ ಸೇವೆಗಳು ಪತ್ರದ ಅಡಿಯಲ್ಲಿ ಹಾಕಲು ಅಂಚೆ ವಿಳಾಸ ಕೇಳುತ್ತವೆ, ಮನೆಯ ವಿಳಾಸ ಹಾಕಲು ನನಗೆ ಇಷ್ಟವಿಲ್ಲ. ಮತ್ತೆ, ಎಷ್ಟು ಜನ ತೆರೆದರು ಎಂಬ ಲೆಕ್ಕವನ್ನು ನಂಬಬಹುದೇ?

ಧಾರವಾಡದಿಂದ, ಡಿಟಿಪಿ ಕೆಲಸ

ವಿಳಾಸ ಕೇಳುವುದು ವಾಣಿಜ್ಯ ಇಮೇಲ್‌ಗಳಿಗೆ ನಿಯಮ ಹೇಳುವ ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಯ ಕಾರಣದಿಂದ, ಹೆಚ್ಚಿನ ಸೇವೆಗಳು ಅಲ್ಲಿಯವು. ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಬಾಡಿಗೆಗೆ ಪಡೆಯಬಹುದು, ಅಥವಾ ಪ್ರಕಾಶಕರ ಒಪ್ಪಿಗೆ ಪಡೆದು ಅವರ ವಿಳಾಸ ಹಾಕಬಹುದು. ನಮ್ಮಲ್ಲಿ ಲೇಖಕಿಯರು ಎರಡನೆಯದನ್ನೇ ಮಾಡುತ್ತಾರೆ.

ತೆರೆದವರ ಲೆಕ್ಕವನ್ನು ನಂಬಬೇಡಿ. ಪತ್ರದಲ್ಲಿ ಅಡಗಿಸಿದ ಪುಟ್ಟ ಚಿತ್ರ ಇಳಿದರೆ ಪತ್ರ ತೆರೆದಂತೆ ಎಂದು ಸೇವೆಗಳು ಎಣಿಸುತ್ತವೆ. 2021ರಿಂದ ಆ್ಯಪಲ್‌ನ ಮೇಲ್ ಆ್ಯಪ್, ಓದುಗ ತೆರೆಯಲಿ ಬಿಡಲಿ, ಪತ್ರದ ಚಿತ್ರಗಳನ್ನು ತಾನೇ ಮೊದಲು ಇಳಿಸಿಕೊಳ್ಳುತ್ತದೆ. ಆ ಗೌಪ್ಯತೆಯ ಸೌಲಭ್ಯ ಇಟ್ಟುಕೊಂಡವರೆಲ್ಲ ‘ತೆರೆದವರು’ ಎಂದೇ ಎಣಿಕೆಯಾಗುತ್ತಾರೆ. ಲಿಂಕ್ ಒತ್ತಿದವರು ಎಷ್ಟು, ಉತ್ತರ ಬರೆದವರು ಎಷ್ಟು ಎಂದು ನೋಡಿ.

ಕೊನೆಗೆ ಒಂದು ವೃತ್ತಿಯ ಗುಟ್ಟು. ನಿಮ್ಮ ಸಂಕಲನದ ಮರುಮುದ್ರಣ ಹೇಗೂ ಇದೆ. ಪುಸ್ತಕ ಹದಿನಾರು ಪುಟಗಳ ಫಾರಂ ಲೆಕ್ಕದಲ್ಲಿ ಅಚ್ಚಾಗುವುದರಿಂದ ಕೊನೆಯ ಫಾರಂನಲ್ಲಿ ಒಂದೆರಡು ಖಾಲಿ ಪುಟ ಸಾಮಾನ್ಯವಾಗಿ ಉಳಿದಿರುತ್ತವೆ. ನಿಮ್ಮ ನಾಲ್ಕು ಸಾಲು ಮತ್ತು ಕ್ಯುಆರ್ ಕೋಡ್ ಅಲ್ಲಿ ಬಂದರೆ ಪ್ರಕಾಶಕರಿಗೆ ಕಾಗದದ ಖರ್ಚು ಇಲ್ಲ, ಆದ್ದರಿಂದ ಜಗಳವೂ ಬೇಕಿಲ್ಲ. ಕೋಡ್ ಎರಡು ಸೆಂಟಿಮೀಟರಿಗಿಂತ ಚಿಕ್ಕದು ಬೇಡ, ಬಿಳಿಯ ಮೇಲೆ ಕಪ್ಪು ಇರಲಿ. ಅದು ನೇರವಾಗಿ ಸುದ್ದಿಪತ್ರ ಸೇವೆಯ ಪುಟಕ್ಕೆ ಹೋಗದೆ ನಿಮ್ಮ ಸ್ವಂತ ಡೊಮೇನಿಗೆ ಹೋಗಲಿ. ಸೇವೆ ಬದಲಿಸಿದ ದಿನ ಅಲ್ಲಿಂದ ದಾರಿ ತಿರುಗಿಸಿದರಾಯಿತು. ಗ್ರಂಥಾಲಯದ ಕಪಾಟಿನಲ್ಲಿರುವ ಪ್ರತಿಯನ್ನು ಯಾರಾದರೂ ಹತ್ತು ವರ್ಷದ ನಂತರ ತೆಗೆದರೂ ಕೋಡ್ ಕೆಲಸ ಮಾಡಬೇಕು. ಪ್ರೂಫ್ ಬಂದಾಗ ಪರದೆಯ ಮೇಲೆ ನೋಡಿ ಸುಮ್ಮನಾಗದೆ, ಕಾಗದದ ಮೇಲೆ ಮುದ್ರಿಸಿ, ಹಳೆಯದೊಂದು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ನೋಡಿ.