ಲೋಫೋಟೆನ್ ಮೀನಿನ ತಲೆ: ಹೈಸ್ಕೂಲ್ ಗ್ರೂಪಲ್ಲಿ ಜಗಳ

ಗಿರೀಶ: (ಫಾರ್ವರ್ಡ್ ವಿಡಿಯೋ) ನಾರ್ವೆಯ ಲೋಫೋಟೆನ್ ದ್ವೀಪಗಳು!! ಆರು ತಿಂಗಳು ಸೂರ್ಯನೇ ಹುಟ್ಟಲ್ಲ. ಸಮುದ್ರ ದೇವರ ಹರಕೆಗೆ ಸಾವಿರಾರು ಮೀನಿನ ತಲೆ ನೇತಾಕ್ತಾರೆ. ಎಲ್ಲರಿಗೂ ಕಳಿಸಿ 🙏

ಸುಜಾತಾ: ಹರಕೆನೂ ಇಲ್ಲ ಎಂಥದೂ ಇಲ್ಲ ಗಿರೀಶ, ಅದು ವ್ಯಾಪಾರ. ಕಾಡ್ (cod) ಅನ್ನೋ ಸಮುದ್ರ ಮೀನಿನ ತಲೆ ಒಣಗ್ಸಿ ನೈಜೀರಿಯಾಗೆ ಕಳಿಸ್ತಾರೆ, ಅಲ್ಲಿಯವ್ರು ಸಾರಿಗೆ ಹಾಕ್ತಾರೆ. ಮೈ ಭಾಗ ಜಾಸ್ತಿ ಹೋಗೋದು ಇಟಲಿಗೆ

ಗಿರೀಶ: ವಿಡಿಯೋದಲ್ಲಿ ಕ್ಲಿಯರಾಗಿ ಹೇಳಿದಾರಲ್ಲ

ಪ್ರವೀಣ: ನೀನು ಕಳ್ಸಿದ ವಿಡಿಯೋ ಎಲ್ಲಾ ನಿಜ ಆಗಿದ್ರೆ ಇಷ್ಟೊತ್ತಿಗೆ ನಿನ್ನ ತಲೇಲಿ ಕೂದಲು ಬರ್ಬೇಕಿತ್ತು 😂

ಸುಜಾತಾ: ಆರು ತಿಂಗಳೂ ಸುಳ್ಳು. ನನ್ನ ಮಗಳು ಓದ್ತಿರೋದು ಅದೇ ನಾರ್ವೆಯ ಟ್ರೋಮ್ಸೋದಲ್ಲಿ, ಮರ್ತೋಯ್ತಾ? ಲೋಫೋಟೆನ್‌ನಲ್ಲಿ ಸೂರ್ಯ ಕಾಣದೇ ಇರೋದು ಡಿಸೆಂಬರಿಂದ ಜನವರಿ ಶುರುವರೆಗೆ, ಹೆಚ್ಚುಕಡಿಮೆ ಒಂದು ತಿಂಗಳು, ಆಗ್ಲೂ ಮಧ್ಯಾಹ್ನ ಮಬ್ಬು ಬೆಳಕಿರುತ್ತೆ. ಆರ್ಕ್ಟಿಕ್ ವೃತ್ತದ ಮೇಲಿದ್ರೂ ಬೆಚ್ಚಗಿನ ಪ್ರವಾಹ ಬರೋದ್ರಿಂದ ಚಳಿಗಾಲದಲ್ಲಿ ಸೊನ್ನೆ ಡಿಗ್ರಿ ಆಸುಪಾಸೇ ಇರುತ್ತೆ, ಅದಕ್ಕೇ ಮೀನಿಗೆ ಉಪ್ಪು ಹಾಕದೆ ಜೋಡಿ ಕಟ್ಟಿ ಮರದ ಅಟ್ಟಣೆಗೆ ನೇತಾಕಿ ಫೆಬ್ರವರಿಯಿಂದ ಮೇವರೆಗೆ ಗಾಳಿಗೇ ಒಣಗಿಸ್ತಾರೆ, ಚಳಿ ಜಾಸ್ತಿ ಆದ್ರೆ ಹೆಪ್ಪುಗಟ್ಟಿ ಹಾಳು, ಬಿಸಿ ಜಾಸ್ತಿ ಆದ್ರೆ ನೊಣ

ನಾಗರಾಜ: ಉಪ್ಪಿಲ್ದೆನಾ? ಮಲ್ಪೇಲಿ ಹಾಗೆ ಬಂಗುಡೆ ಒಣಗ್ಸಿದ್ರೆ ಊರು ಬಿಡ್ಬೇಕು ಮಾರಾಯ್ತಿ

ಗಿರೀಶ: ಸರಿ, ವ್ಯಾಪಾರನೇ ಇರ್ಲಿ. ಈಗ ಅದೆಲ್ಲ ಟೂರಿಸ್ಟ್‌ಗಳಿಗೆ ಶೋ ಅಷ್ಟೆ, ವಿಡಿಯೋದಲ್ಲಿರೋ ಆ ಕೆಂಪು ಮನೆಗಳೆಲ್ಲ ಹೋಟೆಲ್

ಸುಜಾತಾ: ಆ ಮನೆಗೆ ರೋರ್ಬು ಅಂತಾರೆ, ಸೀಸನ್‌ಗೆ ಬರೋ ಮೀನುಗಾರರು ಉಳ್ಕೊಳ್ಳೋಕೆ ಅಂತ 1120ರ ಸುಮಾರಿಗೇ ಅಲ್ಲಿಯ ರಾಜ ಕಟ್ಟಿಸಿದ್ದ. ಈಗ ಸುಮಾರು ಬಾಡಿಗೆಗೆ ಹೋಗಿದೆ, ನಿಜ. ಆದ್ರೆ ಮೀನು ಶೋ ಅಲ್ಲ. ವರ್ಷ ವರ್ಷ ಜನವರಿ ಆದ್ಮೇಲೆ ಉತ್ತರದ ಬ್ಯಾರೆಂಟ್ಸ್ ಸಮುದ್ರದಿಂದ ಕಾಡ್ ಮೀನು ಮೊಟ್ಟೆ ಇಡೋಕೆ ಬರುತ್ತೆ, ಆಗ ಶಾಲೆ ಮಕ್ಕಳೂ ನಾಲಿಗೆ ಕತ್ತರಿಸಿ ಮಾರಿ ದುಡ್ಡು ಮಾಡ್ಕೋತಾರೆ

ಪ್ರವೀಣ: ಯಾರ ನಾಲಿಗೆ 😳

ಸುಜಾತಾ: ಮೀನಿಂದು ಕಣೋ

ನಾಗರಾಜ: ಇಟಲಿಯವ್ರಿಗೆ ಅಷ್ಟು ದೂರದ ಒಣಮೀನಿನ ರುಚಿ ಹತ್ತಿಸಿದ್ದು ಯಾರು?

ಸುಜಾತಾ: ವೆನಿಸ್ಸಿನ ಕ್ವೆರಿನಿ ಅನ್ನೋ ವ್ಯಾಪಾರಿ ಕತೆ ಹೇಳ್ತಾರೆ. ವೈನ್ ತುಂಬ್ಕೊಂಡು ಫ್ಲಾಂಡರ್ಸ್‌ಗೆ (ಈಗಿನ ಬೆಲ್ಜಿಯಂ ಕಡೆ) ಹೊರಟವನ ಹಡಗು ಬಿರುಗಾಳಿಗೆ ಸಿಕ್ಕಿ, 1432ರಲ್ಲಿ ಲೋಫೋಟೆನ್ ತುದಿಯ ರೋಸ್ಟ್ ಹತ್ರ ಬಂದು ಬಿದ್ದ. ಮೀನುಗಾರರು ಮನೇಲಿಟ್ಕೊಂಡು ತಿಂಗಳುಗಟ್ಲೆ ಸಾಕಿದ್ರು, ಹೊರಡುವಾಗ ಒಣಮೀನು ಕಟ್ಕೊಟ್ರು

ಗಿರೀಶ: ನೋಡಿದ್ಯಾ!! ಬಿರುಗಾಳೀಲೂ ಬದುಕಿದ ಅಂದ್ರೆ ಸಮುದ್ರ ದೇವರು ಇದಾನೆ ಅಂತಾಯ್ತು

ಸುಜಾತಾ: ಹೊರಟಿದ್ದು 68 ಜನ, ಉಳಿದಿದ್ದು 11. ಮಿಕ್ಕವ್ರ ಲೆಕ್ಕ ಯಾರ ಹತ್ರ ಕೇಳ್ಲಿ?

ಗಿರೀಶ: ಕಾಲ್ ಬರ್ತಿದೆ, ಆಮೇಲೆ ಹೇಳ್ತೀನಿ